ಜಪಾನಿನ ಬುಲೆಟ್ ರೈಲು: ಮೊದಲ ಸಲ ಹತ್ತುವವರಿಗೆ

ನನ್ನ ಮೊದಲ ಬುಲೆಟ್ ರೈಲು ನನ್ನನ್ನು ಬಿಟ್ಟು ಹೋಯಿತು.

ಟೋಕಿಯೊ ಸ್ಟೇಷನ್ನಿಗೆ ಇಪ್ಪತ್ತು ನಿಮಿಷ ಮೊದಲೇ ಬಂದಿದ್ದೆ. ಜೊತೆಗೆ ಅಮ್ಮ, ಎರಡು ಸೂಟ್‌ಕೇಸು, ಒಂದು ಕೈಚೀಲದಲ್ಲಿ ಹಿಂದಿನ ರಾತ್ರಿ ಬಾಡಿಗೆ ಮನೆಯಲ್ಲಿ ಮಾಡಿಕೊಂಡ ಚಪಾತಿ. ‘ಶಿಂಕಾನ್‌ಸೆನ್’, ಅಂದರೆ ಬುಲೆಟ್ ರೈಲು, ಅಂತ ಬರೆದ ಹಸಿರು ಬೋರ್ಡು ಕಂಡಿತು, ಅದನ್ನೇ ಹಿಡಿದು ನಡೆದೆವು. ಗೇಟಿಗೆ ಟಿಕೆಟ್ ತೂರಿಸಿದರೆ ಕುಯ್ಯೋ ಅಂತ ಸದ್ದು, ಎದುರಿನ ಎರಡು ಪುಟ್ಟ ಬಾಗಿಲು ಪಟ್ಟನೆ ಮುಚ್ಚಿಕೊಂಡವು. ಪಕ್ಕದ ಕಿಟಕಿಯಲ್ಲಿದ್ದ ಸಿಬ್ಬಂದಿ ಟಿಕೆಟ್ ನೋಡಿ, ತಲೆ ಬಾಗಿಸಿ, ಬೇರೆ ದಿಕ್ಕಿಗೆ ಕೈ ತೋರಿಸಿದರು. ನಾವು ಹಿಡಿಯಬೇಕಿದ್ದದ್ದು ನೀಲಿ ಬೋರ್ಡಿನ ದಾರಿ. ಸೂಟ್‌ಕೇಸು ಎಳೆದುಕೊಂಡು ಅಲ್ಲಿಗೆ ಓಡುವಷ್ಟರಲ್ಲಿ ರೈಲು ಹೊರಟಾಗಿತ್ತು. ‘ಒಂದು ನಿಮಿಷ ನಿಲ್ಲಿಸಿದ್ರೆ ಏನಾಗ್ತಿತ್ತು?’ ಅಂದರು ಅಮ್ಮ.

ತಪ್ಪು ಪೂರ್ತಿ ನನ್ನದೇ. ಆಮೇಲೆ ಮತ್ತೆರಡು ಸಲ ಹೋಗಿ ಬಂದ ಮೇಲೆ ಒಂದು ವಿಷಯ ಖಚಿತವಾಯಿತು. ರೈಲಿನೊಳಗೆ ಕೂತ ಮೇಲೆ ನಾವು ಮಾಡಬೇಕಾದ್ದು ಹೆಚ್ಚೇನಿಲ್ಲ. ತಲೆನೋವೆಲ್ಲ ಹತ್ತುವ ಮೊದಲಿನದು: ಟಿಕೆಟ್, ಲಗೇಜು, ಊಟ, ಗೇಟು. ಅದನ್ನೇ ಒಂದೊಂದಾಗಿ ಹೇಳುತ್ತೇನೆ. ನಮ್ಮ ಕಡೆಯವರು ಜಾಸ್ತಿ ಹೋಗುವುದು ಟೋಕಿಯೊ, ಕ್ಯೋಟೊ, ಒಸಾಕಾಗೆ. ಹಾಗಾಗಿ ಆ ಮಾರ್ಗವನ್ನೇ ಇಟ್ಟುಕೊಳ್ಳೋಣ.

ಮೊದಲು ರೈಲಿನ ಹೆಸರು ತಿಳಿದುಕೊಳ್ಳಿ

ಟೋಕಿಯೊದಿಂದ ಒಸಾಕಾದ ಬುಲೆಟ್ ರೈಲು ಸ್ಟೇಷನ್ ಶಿನ್-ಒಸಾಕಾಗೆ 515 ಕಿ.ಮೀ. ರೈಲು ಹಾದಿಯಲ್ಲಿ ಬೆಂಗಳೂರಿನಿಂದ ಧಾರವಾಡಕ್ಕೆ ಎಷ್ಟು ದೂರವೋ ಅದಕ್ಕಿಂತ ಸ್ವಲ್ಪ ಜಾಸ್ತಿ. ಈ ಮಾರ್ಗ ಶುರುವಾದದ್ದು 1964ರ ಅಕ್ಟೋಬರ್ 1ರಂದು, ಟೋಕಿಯೊ ಒಲಿಂಪಿಕ್ಸ್‌ಗೆ ಸ್ವಲ್ಪ ಮೊದಲು. ಆಗ ನಾಲ್ಕು ಗಂಟೆ ಹಿಡಿಯುತ್ತಿತ್ತು. ಈಗ ಗಂಟೆಗೆ 285 ಕಿ.ಮೀ. ವೇಗದಲ್ಲಿ ಓಡಿ ಎರಡೂವರೆ ಗಂಟೆಯೊಳಗೆ ಮುಟ್ಟಿಸುತ್ತದೆ.

ಇಲ್ಲಿ ಓಡುವುದು ಮೂರು ಬಗೆಯ ರೈಲು. ನೊಜೊಮಿ, ಹಿಕಾರಿ, ಕೊದಾಮ. ನೊಜೊಮಿ ಅಂದರೆ ಆಸೆ, ಹಿಕಾರಿ ಅಂದರೆ ಬೆಳಕು, ಕೊದಾಮ ಅಂದರೆ ಪ್ರತಿಧ್ವನಿ. ಬೆಳಕು ಸದ್ದಿಗಿಂತ ಬೇಗ ಹೋಗುತ್ತದೆ, ಆಸೆ ಎರಡನ್ನೂ ಹಿಂದೆ ಹಾಕುತ್ತದೆ. ಹಾಗೆ ನೆನಪಿಟ್ಟುಕೊಂಡರೆ ಯಾವುದು ಫಾಸ್ಟ್ ಅನ್ನುವ ಗೊಂದಲವಿಲ್ಲ.

ನೊಜೊಮಿ ಟೋಕಿಯೊ ಬಿಟ್ಟರೆ ಶಿನಗಾವ, ಶಿನ್-ಯೊಕೊಹಾಮಾ, ನಗೋಯಾ, ಕ್ಯೋಟೊ, ಶಿನ್-ಒಸಾಕಾ ಇಷ್ಟರಲ್ಲೇ ನಿಲ್ಲುತ್ತದೆ. ಕ್ಯೋಟೊಗೆ ಎರಡೂಕಾಲು ಗಂಟೆಯ ಆಸುಪಾಸು. ಹಿಕಾರಿ ಇನ್ನೂ ಕೆಲವು ಕಡೆ ನಿಲ್ಲುತ್ತದೆ, ಅರ್ಧ ಗಂಟೆ ಜಾಸ್ತಿ. ಕೊದಾಮ ನಮ್ಮ ಪ್ಯಾಸೆಂಜರ್ ಗಾಡಿಯ ಜಾತಿ, ಪ್ರತಿ ಸ್ಟೇಷನ್ನಿನಲ್ಲೂ ನಿಲ್ಲುತ್ತದೆ. ಕ್ಯೋಟೊಗೆ ಮೂರೂವರೆ ಗಂಟೆಗೂ ಹೆಚ್ಚು ಬೇಕು. ಮೂರಕ್ಕೂ ದರದಲ್ಲಿ ದೊಡ್ಡ ವ್ಯತ್ಯಾಸವಿಲ್ಲ, ಆದ್ದರಿಂದ ಸುಮ್ನೆ ನೊಜೊಮಿ ಹಿಡಿಯಿರಿ. ಟೈಮ್ ಇದೆ, ದುಡ್ಡು ಉಳಿಸಬೇಕು ಅನ್ನುವವರಿಗೆ ‘ಪ್ಲಾಟ್ ಕೊದಾಮ’ ಅಂತ ರಿಯಾಯಿತಿ ಟಿಕೆಟ್ ಸಿಗುತ್ತದೆ. ಅದನ್ನು ಮುಂಚೆಯೇ ಕಾಯ್ದಿರಿಸಬೇಕು, ಆಮೇಲೆ ರೈಲು ಬದಲಿಸಲು ಬರುವುದಿಲ್ಲ.

ರೈಲ್ ಪಾಸ್ ಬೇಕಾ?

ಒಮ್ಮೆ ದುಡ್ಡು ಕೊಟ್ಟರೆ ಇಂತಿಷ್ಟು ದಿನ ಎಷ್ಟು ಸಲ ಬೇಕಾದರೂ ರೈಲು ಹತ್ತುವ ಪಾಸ್ ಇದು. ಹತ್ತರಲ್ಲಿ ಎಂಟು ಜನಕ್ಕೆ ಬೇಡ ಅಂತ ನನ್ನ ಅಭಿಪ್ರಾಯ.

ನಿಮ್ಮ ಸೋದರಮಾವನೋ ಆಫೀಸಿನ ಗೆಳೆಯನೋ ಕೆಲವು ವರ್ಷದ ಹಿಂದೆ ಜಪಾನಿಗೆ ಹೋಗಿ ಬಂದಿದ್ದರೆ ‘ಪಾಸ್ ತಗೊಳ್ಳದೆ ಹೋಗಬೇಡ’ ಅಂತ ಹೇಳಿಯೇ ಇರುತ್ತಾರೆ. ಆಗ ಅದು ಸರಿಯೇ ಆಗಿತ್ತು. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಜಪಾನ್ ರೈಲ್ ಪಾಸ್ 29,650 ಯೆನ್‌ನಿಂದ ಒಂದೇ ಸಲಕ್ಕೆ 50,000 ಯೆನ್‌ಗೆ ಹಾರಿತು. ಲೆಕ್ಕ ಹಾಕಿ: ಟೋಕಿಯೊದಿಂದ ಕ್ಯೋಟೊಗೆ ಬಿಡಿ ಟಿಕೆಟ್ ಸುಮಾರು 14,000 ಯೆನ್. ಹೋಗಿ ಬಂದರೆ 28,000. ಹಿರೋಶಿಮಾದವರೆಗೆ ಹೋಗಿ ಬಂದರೂ 40,000ದ ಹತ್ತಿರವೇ ನಿಲ್ಲುತ್ತದೆ. ಅದೂ ಅಲ್ಲದೆ ಪಾಸ್ ಇದ್ದವರು ನೊಜೊಮಿ ಹತ್ತಬೇಕೆಂದರೆ ಮೇಲೆ ಬೇರೆ ಟಿಕೆಟ್ ಕೊಳ್ಳಬೇಕು.

ಒಂದು ವಾರದಲ್ಲಿ ಟೋಕಿಯೊ, ಹಿರೋಶಿಮಾ, ಕನಜಾವಾ, ಸೆಂದಾಯ್ ಅಂತ ದೇಶ ಪೂರ್ತಿ ಸುತ್ತುವವರಿಗೆ ಮಾತ್ರ ಪಾಸ್ ಗಿಟ್ಟುತ್ತದೆ. ಹೊರಡುವ ಮೊದಲು ನಿಮ್ಮ ಊರುಗಳನ್ನು ಒಂದು ಚೀಟಿಯಲ್ಲಿ ಬರೆದು ಬಿಡಿ ಟಿಕೆಟ್‌ಗಳನ್ನು ಕೂಡಿ ನೋಡಿ. ಹತ್ತು ನಿಮಿಷದ ಕೆಲಸ.

ಟಿಕೆಟ್: ಎರಡು ದಾರಿ

ಒಂದು, ಮನೆಯಿಂದಲೇ ಸ್ಮಾರ್ಟ್ ಇಎಕ್ಸ್ ಅನ್ನುವ ಅಧಿಕೃತ ಆ್ಯಪ್‌ನಲ್ಲಿ. ಇನ್ನೊಂದು, ಅಲ್ಲಿಗೆ ಹೋಗಿ ಸ್ಟೇಷನ್ನಿನ ಮೆಷಿನ್ ಅಥವಾ ಕೌಂಟರಿನಲ್ಲಿ. ಕಮಿಷನ್ ಹಾಕಿ ಟಿಕೆಟ್ ಮಾರುವ ಬೇರೆ ಸೈಟುಗಳೂ ಬೇಕಾದಷ್ಟಿವೆ. ಅವು ಬೇಕಾಗಿಲ್ಲ.

ಸ್ಮಾರ್ಟ್ ಇಎಕ್ಸ್ ಇಂಗ್ಲಿಷಿನಲ್ಲಿದೆ, ವೀಸಾ, ಮಾಸ್ಟರ್‌ಕಾರ್ಡ್ ತೆಗೆದುಕೊಳ್ಳುತ್ತದೆ. ಟೋಕಿಯೊದಿಂದ ಕ್ಯೋಟೊ, ಒಸಾಕಾ, ಹಿರೋಶಿಮಾ ದಾಟಿ ಕ್ಯೂಶೂ ದ್ವೀಪದವರೆಗೆ ಇದರಲ್ಲಿ ಸಿಗುತ್ತದೆ. ಕನಜಾವಾ, ಸೆಂದಾಯ್ ಕಡೆಯ ರೈಲುಗಳು ಇದರಲ್ಲಿ ಬರುವುದಿಲ್ಲ, ಅವಕ್ಕೆ ಎಕಿನೆಟ್ ಅನ್ನುವ ಇನ್ನೊಂದು ಸೈಟು. ಸಾಮಾನ್ಯ ಬುಕಿಂಗ್ ತೆರೆಯುವುದು ಪ್ರಯಾಣಕ್ಕೆ ಒಂದು ತಿಂಗಳ ಮುಂಚೆ, ಅಲ್ಲಿನ ಬೆಳಗ್ಗೆ 10 ಗಂಟೆಗೆ. ನಮಗೂ ಅವರಿಗೂ ಮೂರೂವರೆ ಗಂಟೆ ವ್ಯತ್ಯಾಸ. ಅಂದರೆ ನಮ್ಮಲ್ಲಿ ಬೆಳಗ್ಗೆ 6.30. ತತ್ಕಾಲ್‌ಗೆ ಹತ್ತು ಗಂಟೆಗೆ ಕಾದು ಕೂತು ಅಭ್ಯಾಸವಿರುವ ನಮಗೆ ಇದೇನು ಹೊಸದಲ್ಲ. ಆದರೆ ಅಷ್ಟು ಗಾಬರಿ ಬೇಕಾಗಿಲ್ಲ. ಜನಸಂದಣಿಯ ಹೊತ್ತಿನಲ್ಲಿ ಗಂಟೆಗೆ ಹತ್ತಕ್ಕೂ ಹೆಚ್ಚು ನೊಜೊಮಿ ಓಡುತ್ತವೆ, ಒಂದೊಂದರಲ್ಲೂ 16 ಬೋಗಿ, 1,300ಕ್ಕೂ ಹೆಚ್ಚು ಸೀಟು.

ಗಾಬರಿಪಡಬೇಕಾದ್ದು ಅಲ್ಲಿನವರ ಮೂರು ರಜೆಗಳಿಗೆ ಮಾತ್ರ: ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದ ಗೋಲ್ಡನ್ ವೀಕ್, ಆಗಸ್ಟ್ ನಡುವಿನ ಓಬೊನ್, ಮತ್ತು ಹೊಸ ವರ್ಷದ ಆಸುಪಾಸು. ನಮ್ಮ ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವವರು ಮೊದಲನೆಯದಕ್ಕೆ ಸರಿಯಾಗಿ ಸಿಕ್ಕಿಹಾಕಿಕೊಳ್ಳುತ್ತಾರೆ. ಆ ದಿನಗಳಲ್ಲಿ ನೊಜೊಮಿಯಲ್ಲಿ ಎಲ್ಲ ಸೀಟೂ ರಿಸರ್ವ್ಡ್. ಬೇರೆ ದಿನಗಳಲ್ಲಿ ಮೊದಲ ಒಂದೆರಡು ಬೋಗಿ ರಿಸರ್ವೇಶನ್ ಇಲ್ಲದವರಿಗೆ ಇರುತ್ತವೆ. ಅದರಿಂದ ಉಳಿತಾಯವಾಗುವುದು ಸಾವಿರ ಯೆನ್‌ಗಿಂತ ಕಡಿಮೆ. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಅಷ್ಟಕ್ಕೆ ಆಸೆಪಡಬೇಡಿ.

ಕಾರ್ಡಿನ ವಿಷಯದಲ್ಲಿ ಎರಡು ಮಾತು. ಭಾರತದ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಮೊದಲಿಂದಲೇ ಬಂದ್ ಆಗಿರುತ್ತದೆ. ಬ್ಯಾಂಕಿನ ಆ್ಯಪ್‌ಗೆ ಹೋಗಿ ಅದನ್ನು ಆನ್ ಮಾಡಿ. ಆಮೇಲೆ ಒಟಿಪಿ. ಅಲ್ಲಿಗೆ ಹೋಗಿ ಜಪಾನಿನ ಸಿಮ್ ಹಾಕಿಕೊಂಡು ನಮ್ಮ ಸಿಮ್ಮನ್ನು ಪರ್ಸಿನಲ್ಲಿಟ್ಟರೆ ಒಟಿಪಿ ಎಲ್ಲಿಗೆ ಬರಬೇಕು? ಇ-ಸಿಮ್ ಹಾಕಿಸಿ, ನಮ್ಮ ಸಿಮ್ಮನ್ನು ಫೋನಿನಲ್ಲೇ ಬಿಡಿ. ಎಲ್ಲಕ್ಕಿಂತ ಒಳ್ಳೆಯದು ಊರಿಂದ ಹೊರಡುವ ಮೊದಲೇ ಬುಕ್ ಮಾಡುವುದು.

ಆ್ಯಪ್‌ನಲ್ಲಿ ಬುಕ್ ಮಾಡಿದರೆ ಒಬ್ಬೊಬ್ಬರಿಗೂ ಒಂದೊಂದು ಕ್ಯೂಆರ್ ಕೋಡ್ ಬರುತ್ತದೆ. ಇಲ್ಲವೇ ಸುಯಿಕಾದಂಥ ಟ್ಯಾಪ್ ಕಾರ್ಡಿನ ನಂಬರನ್ನು ಬುಕಿಂಗಿಗೆ ಜೋಡಿಸಬಹುದು. ನಾಲ್ಕು ಜನರ ಕೋಡುಗಳೂ ಒಂದೇ ಫೋನಿನಲ್ಲಿದ್ದರೆ ಗೇಟಿನ ಮುಂದೆ ರಂಪವಾಗುತ್ತದೆ. ಮೊದಲೇ ಹಂಚಿಬಿಡಿ. ವಯಸ್ಸಾದವರಿಗೆ ಕೋಡಿನ ಪ್ರಿಂಟ್ ತೆಗೆದು ಕೈಗೆ ಕೊಡಿ. ಹೊರಡುವ ಮೊದಲಾದರೆ ರೈಲನ್ನು ಎಷ್ಟು ಸಲ ಬೇಕಾದರೂ ಬದಲಿಸಿಕೊಳ್ಳಬಹುದು, ಅದಕ್ಕೆ ದುಡ್ಡಿಲ್ಲ. ‘ಹಯಾತೊಕು’ ಅಂತ ಹೆಸರಿರುವ ರಿಯಾಯಿತಿ ಟಿಕೆಟ್‌ಗಳಿಗೆ ಮಾತ್ರ ನಿಯಮ ಬಿಗಿ.

ಕಾಗದದ ಟಿಕೆಟ್‌ಗೆ ಒಂದು ಲಾಭವಿದೆ, ಇದನ್ನು ಯಾರೂ ಹೇಳುವುದಿಲ್ಲ. ಸ್ಟೇಷನ್ನಿನಲ್ಲಿ ಕೊಂಡರೆ ನಿಮಗೆ ಎರಡು ಚೀಟಿ ಸಿಗುತ್ತವೆ. ಒಂದು ಊರಿಂದ ಊರಿಗೆ ಹೋಗುವ ಮೂಲ ದರದ್ದು, ಇನ್ನೊಂದು ವೇಗದ ರೈಲಿನ ಹೆಚ್ಚುವರಿ ದರದ್ದು. ಟೋಕಿಯೊ–ಕ್ಯೋಟೊ ಮೂಲ ಟಿಕೆಟ್ ಟೋಕಿಯೊ ನಗರದೊಳಗಿನ ಯಾವ ಜೆಆರ್ (ಜಪಾನ್ ರೈಲ್ವೇಸ್) ಸ್ಟೇಷನ್ನಿನಿಂದ ಹೊರಟರೂ ನಡೆಯುತ್ತದೆ. ಶಿಂಜುಕುವಿನಲ್ಲಿ ಉಳಿದಿದ್ದರೆ ಅಲ್ಲಿಂದ ಟೋಕಿಯೊ ಸ್ಟೇಷನ್ನಿಗೆ ಬರುವ ಲೋಕಲ್ ರೈಲಿಗೆ ಬೇರೆ ದುಡ್ಡು ಕೊಡಬೇಕಿಲ್ಲ. ಆ್ಯಪ್ ಟಿಕೆಟ್‌ಗೆ ಈ ಸವಲತ್ತು ಇಲ್ಲ.

ಆರು ವರ್ಷದೊಳಗಿನ ಮಕ್ಕಳು ತೊಡೆಯ ಮೇಲೆ ಕೂತರೆ ಪುಕ್ಕಟೆ. ಆರರಿಂದ ಹನ್ನೊಂದು ವರ್ಷದವರಿಗೆ ಅರ್ಧ.

ಬೆಂಗಳೂರಿನಿಂದ ನರಿಟಾಕ್ಕೆ ನೇರ ವಿಮಾನದಲ್ಲಿ ಹೋಗುವವರು ಗಮನಿಸಿ: ನರಿಟಾ ವಿಮಾನ ನಿಲ್ದಾಣಕ್ಕೆ ಬುಲೆಟ್ ರೈಲು ಬರುವುದಿಲ್ಲ. ಅಲ್ಲಿಂದ ಟೋಕಿಯೊ ಸ್ಟೇಷನ್ನಿಗೆ ಬೇರೆ ರೈಲಿನಲ್ಲಿ ಒಂದು ಗಂಟೆ. ಇಮಿಗ್ರೇಶನ್ ಸಾಲು ಎಷ್ಟು ಉದ್ದವೋ ಯಾರಿಗೆ ಗೊತ್ತು? ಇಳಿದ ದಿನವೇ ಕ್ಯೋಟೊಗೆ ಹೋಗಲೇಬೇಕಿದ್ದರೆ ಟಿಕೆಟನ್ನು ಇಳಿದ ಮೇಲೆ ತೆಗೆಯಿರಿ.

ಸೀಟು: ಇ ಕೇಳಿ

ಸಾಮಾನ್ಯ ಬೋಗಿಯಲ್ಲಿ ಒಂದು ಕಡೆ ಮೂರು ಸೀಟು, ಇನ್ನೊಂದು ಕಡೆ ಎರಡು. ಎ, ಬಿ, ಸಿ ಸಮುದ್ರದ ಕಡೆ. ಡಿ, ಇ ಬೆಟ್ಟದ ಕಡೆ. ಫುಜಿ ಪರ್ವತ ಕಾಣುವುದು ಇ ಕಿಟಕಿಯಿಂದ. ಟೋಕಿಯೊದಿಂದ ಹೊರಟರೆ ಬಲಕ್ಕೆ, ಕ್ಯೋಟೊದಿಂದ ವಾಪಸ್ ಬರುವಾಗ ಎಡಕ್ಕೆ, ಆದರೆ ಎರಡು ಸಲವೂ ಅದೇ ಇ. ಟೋಕಿಯೊ ಬಿಟ್ಟು 40–45 ನಿಮಿಷಕ್ಕೆ ಶಿನ್-ಫುಜಿ ಸ್ಟೇಷನ್ ದಾಟುವ ಹೊತ್ತಿಗೆ ಫೋನ್ ಕೈಯಲ್ಲಿರಲಿ. ಅದಾದ ಕೂಡಲೇ ಫುಜಿ ನದಿಯ ಸೇತುವೆ ಬರುತ್ತದೆ, ಅಲ್ಲಿ ಕಾಣುವಷ್ಟು ಚೆನ್ನಾಗಿ ಇನ್ನೆಲ್ಲೂ ಕಾಣುವುದಿಲ್ಲ. ಚಳಿಗಾಲದ ಬೆಳಗ್ಗೆಯಾದರೆ ಬಹುತೇಕ ಸಿಗುತ್ತದೆ. ಬೇಸಿಗೆಯಲ್ಲಿ ಮೋಡ ಮುಚ್ಚಿದ್ದರೆ ಯಾರನ್ನೂ ಬೈದು ಉಪಯೋಗವಿಲ್ಲ. ಎ ಸೀಟಿನವರು ಪೂರ್ತಿ ಬೇಜಾರಾಗಬೇಕಿಲ್ಲ. ಕ್ಯೋಟೊ ಕಡೆಗೆ ಹೋಗುವಾಗ ಶಿಜುಓಕಾ ದಾಟಿದ ಮೇಲೆ ಹಳಿ ತಿರುಗುವ ಒಂದು ಜಾಗದಲ್ಲಿ ಕೆಲವೇ ಸೆಕೆಂಡು ಆ ಕಡೆಗೂ ಫುಜಿ ಇಣುಕುತ್ತದೆ.

ನಾಲ್ಕು ಜನರಿದ್ದರೆ ಹಿಂದೆ ಮುಂದೆ ಎರಡೆರಡು ಸೀಟು ತಗೊಂಡು, ಮುಂದಿನ ಸಾಲಿನ ಸೀಟಿನಡಿಯ ಪೆಡಲ್ ತುಳಿದು ಪೂರ್ತಿ ಹಿಂದಕ್ಕೆ ತಿರುಗಿಸಿಕೊಳ್ಳಿ. ಎದುರುಬದುರು ಕೂತು ಹರಟಬಹುದು. ಇಳಿಯುವಾಗ ಮತ್ತೆ ಮೊದಲಿನಂತೆ ತಿರುಗಿಸುವುದು ಮರೆಯಬೇಡಿ. ನೊಜೊಮಿಯ 7ನೇ ಬೋಗಿ ಲ್ಯಾಪ್‌ಟಾಪ್ ಹಿಡಿದು ಕೆಲಸ ಮಾಡುವವರಿಗೆ ಅಂತ ಇಟ್ಟಿದ್ದು. ಮಕ್ಕಳಿರುವವರು ಅದನ್ನು ಬಿಡುವುದು ವಾಸಿ.

ಲಗೇಜು

ದೊಡ್ಡ ಸೂಟ್‌ಕೇಸಿನ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ನಿಯಮ ಸರಳ. ಉದ್ದ, ಅಗಲ, ಎತ್ತರ ಮೂರನ್ನೂ ಕೂಡಿದರೆ 160 ಸೆಂ.ಮೀ. ದಾಟಬಾರದು. 160ರಿಂದ 250ರವರೆಗಿದ್ದರೆ ಬೋಗಿಯ ಕೊನೆಯ ಸಾಲಿನ ‘ದೊಡ್ಡ ಲಗೇಜಿನ ಸೀಟು’ ಬುಕ್ ಮಾಡಬೇಕು. ಮೊದಲೇ ಬುಕ್ ಮಾಡಿದರೆ ಹೆಚ್ಚು ದುಡ್ಡಿಲ್ಲ, ಮಾಡದೆ ತಂದರೆ 1,000 ಯೆನ್ ದಂಡ. ಅದಕ್ಕಿಂತಲೂ ದೊಡ್ಡದನ್ನು ಹತ್ತಿಸಲು ಬಿಡುವುದಿಲ್ಲ.

ಈಗ ಸಮಾಧಾನದ ಮಾತು. ವಿಮಾನದವರ ಸಾಮಾನ್ಯ ಮಿತಿ 158 ಸೆಂ.ಮೀ. ಅಂದರೆ ನಿಮ್ಮ ಪೆಟ್ಟಿಗೆ ವಿಮಾನದ ಲೆಕ್ಕಕ್ಕೆ ಸರಿಯಿದ್ದರೆ ರೈಲಿನ ಲೆಕ್ಕಕ್ಕೂ ಸರಿ. ಚಕ್ರ, ಹಿಡಿಕೆ ಸೇರಿಸಿ ಮನೆಯಲ್ಲೇ ಟೇಪ್ ಹಿಡಿದು ಅಳೆದುಕೊಳ್ಳಿ. ಆದರೆ 23 ಕಿಲೋ ಪೆಟ್ಟಿಗೆಯನ್ನು ತಲೆಯ ಮೇಲಿನ ಹಲಗೆಗೆ ಎತ್ತುವವರು ಯಾರು ಅನ್ನುವುದು ಬೇರೆ ಪ್ರಶ್ನೆ. ನಾನು ಅಮ್ಮನ ಪೆಟ್ಟಿಗೆ ಎತ್ತಿದಾಗ ಕೆಳಗಿದ್ದವರು ತಲೆ ತಗ್ಗಿಸಿಕೊಂಡದ್ದು ಇನ್ನೂ ಕಣ್ಣಿಗೆ ಕಟ್ಟಿದೆ.

ಇದಕ್ಕೆ ಅವರೇ ಕಂಡುಕೊಂಡ ದಾರಿ ತಕ್ಯೂಬಿನ್, ಅಂದರೆ ಲಗೇಜು ಕೊರಿಯರ್. ಬೆಳಗ್ಗೆ ಹೋಟೆಲಿನ ಕೌಂಟರಿನಲ್ಲಿ ಪೆಟ್ಟಿಗೆ ಕೊಟ್ಟರೆ ಮಾರನೇ ದಿನ ಕ್ಯೋಟೊದ ಹೋಟೆಲಿನಲ್ಲಿ ಕಾಯುತ್ತಿರುತ್ತದೆ. ಒಂದು ಪೆಟ್ಟಿಗೆಗೆ ಎರಡು ಮೂರು ಸಾವಿರ ಯೆನ್ ಆಗಬಹುದು. ಒಂದು ರಾತ್ರಿಯ ಬಟ್ಟೆ, ಮಾತ್ರೆ, ಪಾಸ್‌ಪೋರ್ಟ್ ಕೈಚೀಲದಲ್ಲಿಟ್ಟುಕೊಂಡು ಕೈ ಬೀಸಿಕೊಂಡು ರೈಲು ಹತ್ತಬಹುದು. ಮೊದಲ ಸಲ ‘ಇದಕ್ಕೆಲ್ಲ ಯಾಕೆ ದುಡ್ಡು’ ಅಂದಿದ್ದ ಅಮ್ಮ, ವಾಪಸ್ ಬರುವಾಗ ತಾವೇ ಕೌಂಟರಿಗೆ ಹೋಗಿ ಚೀಟಿ ಕೇಳಿದರು.

ಊಟದ ಕಥೆ

ನೊಜೊಮಿ, ಹಿಕಾರಿಯ ಸಾಮಾನ್ಯ ಬೋಗಿಗಳಲ್ಲಿ ತಿಂಡಿಯ ತಳ್ಳುಗಾಡಿ ಬರುವುದು 2023ರ ಅಕ್ಟೋಬರ್‌ಗೆ ನಿಂತುಹೋಯಿತು. ಹಳೆಯ ವಿಡಿಯೊ ನೋಡಿ ನಂಬಿಕೊಂಡು ಹೋಗಬೇಡಿ. ತಿನ್ನುವುದು, ಕುಡಿಯುವುದು ಎಲ್ಲ ಸ್ಟೇಷನ್ನಿನಲ್ಲೇ ಕೊಂಡು ಹತ್ತಬೇಕು.

ಎಲ್ಲವನ್ನೂ ತಿನ್ನುವವರಿಗೆ ಟೋಕಿಯೊ ಸ್ಟೇಷನ್ ಸ್ವರ್ಗ. ‘ಎಕಿಬೆನ್’ ಅಂತ ಊರೂರಿನ ಬುತ್ತಿಗಳು ನೂರಾರು ಬಗೆಯಲ್ಲಿ ಸಾಲಾಗಿ ಕೂತಿರುತ್ತವೆ. ಸಸ್ಯಾಹಾರಿಗಳಿಗೆ ಅಲ್ಲಿ ಕಷ್ಟ. ತರಕಾರಿಯೇ ಕಂಡರೂ ಅದನ್ನು ಬೇಯಿಸುವುದು ‘ದಾಶಿ’ಯಲ್ಲಿ, ಅಂದರೆ ಸಾಮಾನ್ಯವಾಗಿ ಒಣ ಮೀನಿನ ಸಾರಿನಲ್ಲಿ. ‘ವೆಜಿಟೇರಿಯನ್’ ಅಂದರೆ ಮಾಂಸ ಮಾತ್ರ ಬೇಡ, ಮೀನು ನಡೆಯುತ್ತದೆ ಅಂದುಕೊಳ್ಳುವವರೂ ಇದ್ದಾರೆ. ‘ನಿಕು ತೊ ಸಕಾನಾ ವಾ ತಾಬೆಮಾಸೆನ್’, ಮಾಂಸ ಮೀನು ತಿನ್ನುವುದಿಲ್ಲ, ಈ ಒಂದು ವಾಕ್ಯ ಬಾಯಿಪಾಠ ಮಾಡಿಕೊಳ್ಳಿ. ಮೊಟ್ಟೆಯೂ ಬೇಡವಾದರೆ ‘ತಮಾಗೊ’ ಸೇರಿಸಿ.

ಅಂಗಡಿಗಳಲ್ಲಿ ಉಪ್ಪಿನಲ್ಲಿ ಹಾಕಿದ ಪ್ಲಮ್ ತುಂಬಿದ ‘ಉಮೆ’ ಅನ್ನದ ಉಂಡೆ ಸಿಗುತ್ತದೆ. ನಮ್ಮ ನೆಲ್ಲಿಕಾಯಿ ಉಪ್ಪಿನಕಾಯಿ ಮೊಸರನ್ನದಲ್ಲಿ ಸಿಕ್ಕಂತೆ ಹುಳಿ. ಕೆಲವದರಲ್ಲಿ ಮೀನಿನ ಸಾರ ಸೇರಿರುತ್ತದೆ, ಕಟ್ಟುನಿಟ್ಟಿನವರು ಫೋನಿನ ಕ್ಯಾಮೆರಾದಿಂದ ಲೇಬಲ್ ಅನುವಾದಿಸಿ ನೋಡಿ. ಬಾಳೆಹಣ್ಣು, ಬೇಯಿಸಿದ ಹಸಿರು ಸೋಯಾ ಕಾಯಿ ಸುಲಭವಾಗಿ ಸಿಗುತ್ತವೆ. ಟೋಕಿಯೊ ಸ್ಟೇಷನ್ನಿನೊಳಗೇ ಕೆಯ್ಯೊ ಸ್ಟ್ರೀಟ್ ಅನ್ನುವ ಸಾಲಿನಲ್ಲಿ ಟೀಸ್ ತಾನ್‌ತಾನ್ ಅಂತ ಪೂರ್ತಿ ಸಸ್ಯಾಹಾರದ ರಾಮೆನ್ (ಸೂಪಿನಲ್ಲಿ ಹಾಕಿದ ನೂಡಲ್ಸ್) ಅಂಗಡಿಯಿದೆ. ಅರ್ಧ ಗಂಟೆ ಮೊದಲು ಬಂದು ಅಲ್ಲಿ ತಿಂದೇ ಹತ್ತುವುದು ಒಳ್ಳೆಯ ಉಪಾಯ.

ಇಲ್ಲವೇ ನಮ್ಮ ಹಾಗೆ ಬುತ್ತಿ. ರೈಲಿನಲ್ಲಿ ತಿನ್ನುವುದಕ್ಕೆ ಯಾರೂ ಏನೂ ಅನ್ನುವುದಿಲ್ಲ, ಅಲ್ಲಿನವರೂ ಹತ್ತಿದ ಕೂಡಲೇ ಡಬ್ಬಿ ಬಿಚ್ಚುತ್ತಾರೆ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಊರಿಂದ ಒಯ್ಯಬಹುದು. ಮಾವಿನಹಣ್ಣು, ಹಸಿ ತರಕಾರಿ, ಮಾಂಸದ ಪದಾರ್ಥ ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲೇ ತೆಗೆದಿಡುತ್ತಾರೆ.

ಸ್ಟೇಷನ್ನಿನಲ್ಲಿ

ಮೊದಲ ಸಲವಾದರೆ ಟೋಕಿಯೊ ಸ್ಟೇಷನ್ನಿಗೆ 40 ನಿಮಿಷ ಮುಂಚೆ ಬನ್ನಿ. ನಾನು ಎಡವಿದ್ದು ಇಲ್ಲೇ. ಈ ಸ್ಟೇಷನ್ನಿನಲ್ಲಿ ಎರಡು ಕಂಪನಿಗಳ ಬುಲೆಟ್ ರೈಲುಗಳು ಹೊರಡುತ್ತವೆ, ಗೇಟು ಬೇರೆ, ಪ್ಲಾಟ್‌ಫಾರಂ ಬೇರೆ. ಕ್ಯೋಟೊ, ಒಸಾಕಾ ಕಡೆಯ ತೊಕಾಯ್ದೊ ಮಾರ್ಗಕ್ಕೆ ನೀಲಿ ಬೋರ್ಡು, ಪ್ಲಾಟ್‌ಫಾರಂ 14ರಿಂದ 19. ಸೆಂದಾಯ್, ಕನಜಾವಾ ಕಡೆಗೆ ಹಸಿರು ಬೋರ್ಡು, 20ರಿಂದ 23. ಶಿಬುಯಾ, ಶಿಂಜುಕು ಕಡೆ ಉಳಿದವರಿಗೆ ಇನ್ನೂ ಸುಲಭ ಅಂದರೆ ಶಿನಗಾವದಿಂದ ಹತ್ತುವುದು. ಟೋಕಿಯೊ ಸ್ಟೇಷನ್ನಿಗಿಂತ ಚಿಕ್ಕದು, ಬುಲೆಟ್ ರೈಲು ಅಂದರೆ ಅಲ್ಲಿ ತೊಕಾಯ್ದೊ ಮಾರ್ಗ ಒಂದೇ.

ಕಾಗದದ ಟಿಕೆಟ್ಟಾದರೆ ಎರಡೂ ಚೀಟಿಯನ್ನು ಒಂದರ ಮೇಲೊಂದಿಟ್ಟು ಒಟ್ಟಿಗೇ ಗೇಟಿನ ಸೀಳಿಗೆ ತೂರಿಸಿ. ಸುರ್ ಅಂತ ಒಳಗೆ ಎಳೆದುಕೊಳ್ಳುತ್ತದೆ. ನೀವು ಎರಡು ಹೆಜ್ಜೆ ಇಡುವಷ್ಟರಲ್ಲಿ ಆ ತುದಿಯಲ್ಲಿ ಮೇಲೆದ್ದು ನಿಂತಿರುತ್ತವೆ. ತೆಗೆದುಕೊಳ್ಳಿ! ಬಸ್ಸಿನ ಟಿಕೆಟ್ಟಿನ ಹಾಗೆ ಇನ್ನು ಬೇಡ ಅಂದುಕೊಂಡು ಅಲ್ಲೇ ಬಿಟ್ಟು ಹೋಗುವವರನ್ನು ಕಣ್ಣಾರೆ ನೋಡಿದ್ದೇನೆ. ಇಳಿಯುವ ಊರಿನ ಗೇಟು ಅದೇ ಚೀಟಿಯನ್ನು ಮತ್ತೆ ಕೇಳುತ್ತದೆ. ಕ್ಯೂಆರ್ ಅಥವಾ ಟ್ಯಾಪ್ ಕಾರ್ಡಿನಲ್ಲಿ ಹೋದರೆ ಸೀಟ್ ನಂಬರಿನ ಪುಟ್ಟ ಚೀಟಿ ಹೊರಬರುತ್ತದೆ, ಅದನ್ನೂ ಇಟ್ಟುಕೊಳ್ಳಿ. ಬುಕಿಂಗ್ ಇಲ್ಲದೆ ಬರೀ ಸುಯಿಕಾ ಕಾರ್ಡ್ ತಟ್ಟಿದರೆ ಈ ಗೇಟು ತೆರೆಯುವುದಿಲ್ಲ. ಅದು ಮೆಟ್ರೊ, ಲೋಕಲ್ ರೈಲಿಗೆ.

ಪ್ಲಾಟ್‌ಫಾರಂ

ನೆಲದ ಮೇಲೆ, ಕಂಬದ ಮೇಲೆ ಬೋಗಿ ನಂಬರ್ ಬರೆದಿರುತ್ತದೆ. ರೈಲು ಅಲ್ಲಿಗೇ ಬಂದು ನಿಲ್ಲುತ್ತದೆ, ಒಂದಡಿ ಆಚೀಚೆ ಇಲ್ಲ. 16 ಬೋಗಿ ಅಂದರೆ 400 ಮೀಟರ್. 2ನೇ ಬೋಗಿಯ ಹತ್ತಿರ ನಿಂತು 15ರ ಟಿಕೆಟ್ ಹಿಡಿದಿದ್ದರೆ ನಡೆಯುವುದೇ ಒಂದು ಪ್ರಯಾಣ.

ಇಲ್ಲಿ ಇನ್ನೊಂದು ಹಳ್ಳವಿದೆ. ಒಂದು ರೈಲು ಹೋಗಿ ಕೆಲವೇ ನಿಮಿಷಕ್ಕೆ ಅದೇ ಜಾಗಕ್ಕೆ, ಅದೇ ಬಣ್ಣದ, ಅದೇ ನೊಜೊಮಿ ಬರುತ್ತದೆ. ನಿಮ್ಮದು ಯಾವುದು? ಗಡಿಯಾರ ನೋಡಿ. 10.12 ಅಂತಿದ್ದರೆ 10.12ಕ್ಕೆ ಹೊರಡುವುದೇ ನಿಮ್ಮದು, 10.09ರದ್ದು ಅಲ್ಲ. ‘ಲೇಟಾಗಿ ಬಂದ ಹಿಂದಿನ ಗಾಡಿ ಇರಬಹುದು’ ಅನ್ನುವ ನಮ್ಮ ಊರಿನ ತರ್ಕ ಅಲ್ಲಿ ನಡೆಯುವುದಿಲ್ಲ. ರೈಲಿನ ನಂಬರನ್ನೂ ಬೋರ್ಡಿನ ಜೊತೆ ಹೋಲಿಸಿ ನೋಡಿ.

ಟೋಕಿಯೊದಲ್ಲಿ ರೈಲು ಬಂದ ಕೂಡಲೇ ಹತ್ತಲು ಬಿಡುವುದಿಲ್ಲ, ಮೊದಲು ಒಳಗೆ ಕ್ಲೀನಿಂಗ್. ಕಿಟಕಿಯಿಂದ ನೋಡುತ್ತಿರಿ. ಕಸ ಗುಡಿಸುವುದು, ತಟ್ಟೆ ಒರೆಸುವುದು, ಸೀಟಿನ ತಲೆಬಟ್ಟೆ ನೋಡುವುದು, ಎಲ್ಲ ಸೀಟುಗಳನ್ನೂ ಹೋಗುವ ದಿಕ್ಕಿಗೆ ತಿರುಗಿಸುವುದು, ಇಷ್ಟೂ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಅಮ್ಮ ಅದನ್ನು ನೋಡುತ್ತ ನಿಂತವರು ‘ನಮ್ಮನೆ ಹಾಲ್ ಗುಡಿಸೋಕೆ ಇದಕ್ಕಿಂತ ಜಾಸ್ತಿ ಹೊತ್ತು ಬೇಕು’ ಅಂದರು. ನಡುವಿನ ಸ್ಟೇಷನ್‌ಗಳಲ್ಲಿ ರೈಲು ನಿಲ್ಲುವುದು ಒಂದೆರಡು ನಿಮಿಷ ಅಷ್ಟೇ. ಅಲ್ಲಿ ಹತ್ತುವವರು ಸಾಲಿನಲ್ಲಿ ಮೊದಲೇ ನಿಂತಿರಬೇಕು.

ರೈಲು ತಪ್ಪಿದರೆ? ನಮಗೆ ಆದದ್ದೇ ಹೇಳುತ್ತೇನೆ. ಸಾಮಾನ್ಯ ದರದ ಟಿಕೆಟ್ ಇದ್ದರೆ ಅದೇ ದಿನದ ಮುಂದಿನ ರೈಲಿನ ರಿಸರ್ವೇಶನ್ ಇಲ್ಲದ ಬೋಗಿಯಲ್ಲಿ ಹೋಗಬಹುದು, ಮತ್ತೆ ದುಡ್ಡು ಕೊಡಬೇಕಿಲ್ಲ. ಗೇಟಿನ ಸಿಬ್ಬಂದಿಯೇ ಕೈಸನ್ನೆಯಲ್ಲಿ ಹೇಳಿ ಕಳಿಸಿದರು. ಹತ್ತು ನಿಮಿಷಕ್ಕೆ ಇನ್ನೊಂದು ನೊಜೊಮಿ ಬಂತು, ಇಬ್ಬರಿಗೂ ಸೀಟು ಸಿಕ್ಕಿತು. ಇ ಅಲ್ಲ, ಬಿ ಮತ್ತು ಸಿ. ಫುಜಿ ಬಂದಾಗ ಇಡೀ ಬೋಗಿ ಆ ಕಡೆ ವಾಲಿತು. ನಮಗೆ ಕಂಡದ್ದು ಅವರ ಬೆನ್ನು.

ಒಳಗೆ

ಫೋನಿನಲ್ಲಿ ಮಾತಾಡಬೇಕಿದ್ದರೆ ಎದ್ದು ಎರಡು ಬೋಗಿಗಳ ನಡುವಿನ ಜಾಗಕ್ಕೆ ಹೋಗಿ. ನಮ್ಮ ‘ಹಲೋ, ಕೇಳಿಸ್ತಿದೆಯಾ’ ಅಲ್ಲಿ 20 ಸಾಲು ದೂರಕ್ಕೂ ಕೇಳಿಸುತ್ತದೆ. ಕಾಲು ಚಾಚಲು ಬೇಕಾದಷ್ಟು ಜಾಗವಿದೆ, ಒಂದು ಸಾಲಿನಿಂದ ಇನ್ನೊಂದಕ್ಕೆ 104 ಸೆಂ.ಮೀ. ಸೀಟು ಹಿಂದಕ್ಕೆ ಬಾಗಿಸುವಾಗ ಹಿಂದಿನವರತ್ತ ಒಮ್ಮೆ ನೋಡಿ ತಲೆಯಾಡಿಸುವುದು ಅಲ್ಲಿನ ರೂಢಿ.

ಚಾರ್ಜಿಂಗಿಗೆ ನಮ್ಮ ದುಂಡು ಪಿನ್ನು ಹೋಗುವುದಿಲ್ಲ. ಅಲ್ಲಿಯದು ಎರಡು ಚಪ್ಪಟೆ ಪಿನ್ನು, 100 ವೋಲ್ಟ್. ಅಡಾಪ್ಟರ್ ಊರಿಂದಲೇ ಒಯ್ಯಿರಿ. ಶೌಚಾಲಯ ಸಾಮಾನ್ಯವಾಗಿ ಬೆಸ ಸಂಖ್ಯೆಯ ಬೋಗಿಗಳಲ್ಲಿರುತ್ತದೆ. ವೈ-ಫೈ ಇದೆ, ಸುರಂಗ ಬಂದಾಗ ಮುನಿಸಿಕೊಳ್ಳುತ್ತದೆ. ಸಿಗರೇಟು ಸೇದುವ ಕೋಣೆಗಳು 2024ರ ಮಾರ್ಚ್‌ಗೆ ಮುಚ್ಚಿದವು.

ವೇಗ ಗೊತ್ತಾಗಬೇಕಾದರೆ ದೂರದ ಬೆಟ್ಟ ನೋಡಬೇಡಿ, ಹಳಿಯ ಪಕ್ಕದ ಕಂಬಗಳನ್ನು ಎಣಿಸಲು ಪ್ರಯತ್ನಿಸಿ. ಎದುರಿನಿಂದ ಇನ್ನೊಂದು ಬುಲೆಟ್ ರೈಲು ಬಂದರೆ ಕಿಟಕಿ ಒಮ್ಮೆ ಧಡ್ ಅನ್ನುತ್ತದೆ. ಮುಗಿಯಿತು, 400 ಮೀಟರ್ ಉದ್ದದ ರೈಲು ಆಗಲೇ ಹೋಗಿರುತ್ತದೆ. ಮುಂಬೈ–ಅಹಮದಾಬಾದ್ ನಡುವೆ ಈಗ ಕಟ್ಟುತ್ತಿರುವ 508 ಕಿ.ಮೀ. ಮಾರ್ಗವೂ ಇದೇ ತಂತ್ರಜ್ಞಾನದ್ದು.

ಇಳಿಯುವಾಗ

ಸ್ಟೇಷನ್ ಬರುವ ಕೆಲವು ನಿಮಿಷ ಮೊದಲು ಪುಟ್ಟ ಸಂಗೀತ ಕೇಳಿಸುತ್ತದೆ, ಆಮೇಲೆ ಇಂಗ್ಲಿಷಿನಲ್ಲೂ ಹೆಸರು ಹೇಳುತ್ತಾರೆ. ಸಂಗೀತ ಕೇಳಿದ ಕೂಡಲೇ ಎದ್ದು ಪೆಟ್ಟಿಗೆ ಇಳಿಸಿಕೊಳ್ಳಿ. ರೈಲು ನಿಂತ ಮೇಲೆ ಏಳೋಣ ಅಂದರೆ ಕ್ಯೋಟೊ ಹೋಗಿ ಒಸಾಕಾ ಬಂದಿರುತ್ತದೆ. ಒಸಾಕಾಗೆ ಹೋಗುವವರಿಗೆ ಒಂದು ಮಾತು: ಬುಲೆಟ್ ರೈಲು ನಿಲ್ಲುವುದು ಶಿನ್-ಒಸಾಕಾದಲ್ಲಿ. ‘ಶಿನ್’ ಅಂದರೆ ಹೊಸ. ಹಳೆಯ ಒಸಾಕಾ ಸ್ಟೇಷನ್ ಇನ್ನೊಂದು ಲೋಕಲ್ ರೈಲಿನಷ್ಟು ದೂರ. ಹೋಟೆಲ್ ಬುಕ್ ಮಾಡುವಾಗಲೇ ಯಾವುದರ ಹತ್ತಿರ ಅಂತ ನೋಡಿಕೊಳ್ಳಿ. ಎಸ್ಕಲೇಟರಿನಲ್ಲಿ ಟೋಕಿಯೊದವರು ಎಡಕ್ಕೆ ನಿಲ್ಲುತ್ತಾರೆ, ಒಸಾಕಾದವರು ಬಲಕ್ಕೆ. ಯಾಕೆ ಅಂತ ಕೇಳಬೇಡಿ, ಮುಂದಿನವರು ನಿಂತ ಕಡೆ ನಿಲ್ಲಿ.

ರಾತ್ರಿ ವಾಪಸಾಗುವವರು ಕೊನೆಯ ರೈಲಿನ ಸಮಯ ನೋಡಿಕೊಳ್ಳಿ. ಮಧ್ಯರಾತ್ರಿ 12ರಿಂದ ಬೆಳಗ್ಗೆ 6ರವರೆಗೆ ಈ ರೈಲುಗಳು ಓಡುವುದಿಲ್ಲ. ಶಿನ್-ಒಸಾಕಾದಿಂದ ಟೋಕಿಯೊದ ಕೊನೆಯ ನೊಜೊಮಿ ರಾತ್ರಿ ಒಂಬತ್ತೂವರೆಯೊಳಗೇ ಹೊರಟುಬಿಡುತ್ತದೆ. ‘ಇನ್ನೂ ಒಂಬತ್ತೇ ಅಲ್ವಾ’ ಅಂತ ಊಟಕ್ಕೆ ಕೂರಬೇಡಿ.

ಕಸವನ್ನು ರೈಲಿನಲ್ಲೇ, ಬೋಗಿಗಳ ನಡುವಿನ ಡಬ್ಬಿಗೆ ಹಾಕಿ ಇಳಿಯಿರಿ. ಊರಿನೊಳಗೆ ಕಸದ ಡಬ್ಬಿ ಸಿಗುವುದು ಅಪರೂಪ. ನಾವು ಹಾಕುವುದು ಮರೆತೆವು. ಚಪಾತಿ ಸುತ್ತಿದ್ದ ಫಾಯಿಲನ್ನು ಅಮ್ಮ ಮಡಚಿ ಮಡಚಿ ಕೈಚೀಲದ ಮೂಲೆಗೆ ಸೇರಿಸಿದ್ದರು. ಅದು ಕ್ಯೋಟೊದ ನಾಲ್ಕು ದೇವಸ್ಥಾನ ನೋಡಿ, ಸಂಜೆ ಹೋಟೆಲಿಗೆ ಬಂತು.